ಆರೋಗ್ಯ ವಿಚಾರ: ಎಂಜಲಿನ ಸಾಕ್ಷ್ಯ

ನಮ್ಮ ಮನೆಗಳಲ್ಲಿ ಎಂಜಲು ಎಂಬ ಮಾತಿಗೆ ಇರುವಷ್ಟು ಕಟ್ಟುನಿಟ್ಟು ಬೇರೆ ಯಾವ ಮಾತಿಗೂ ಇರಲಾರದು. ಉಂಡ ಎಲೆ, ಕಚ್ಚಿದ ಹಣ್ಣು, ತುಟಿಗೆ ಸೋಕಿದ ಲೋಟ ಇವನ್ನು ಮುಟ್ಟಿದ ಕೈಯನ್ನು ತೊಳೆಯದೆ ಮತ್ತೊಂದು ಪಾತ್ರೆಯನ್ನು ಮುಟ್ಟಲಾಗದೆಂದು ಮಕ್ಕಳಿಗೆ ನಡೆ ನುಡಿ ಕಲಿಸುವಾಗಲೇ ಹೇಳಿಕೊಡುತ್ತೇವೆ. ಅಂಥ ಎಂಜಲಿನೊಳಗೆ, ಎಂದರೆ ಬಾಯಲ್ಲಿ ಸದಾ ಒಸರುತ್ತಿರುವ ಲಾಲಾರಸದೊಳಗೆ, ಶರೀರದ ಸ್ಥಿತಿಯನ್ನು ತಿಳಿಸುವ ಅತಿಸೂಕ್ಷ್ಮವಾದ ಲಿಖಿತಗಳು ಇರುವುವೆಂದೂ, ಅವುಗಳನ್ನು ಓದಿ ಬಾಯಿಯ ಅರ್ಬುದವನ್ನು, ಎಂದರೆ ಜನರು ಕ್ಯಾನ್ಸರ್ ಎಂದು ಕರೆಯುವ ರೋಗವನ್ನು, ಮೊದಲೇ ಗುರುತಿಸಬಹುದೆಂದೂ ದಂತವೈದ್ಯರೂ ಜೀವವಿಜ್ಞಾನಿಗಳೂ ಇಪ್ಪತ್ತು ವರ್ಷಗಳಿಂದ ಶೋಧನೆ ನಡೆಸುತ್ತಿದ್ದಾರೆ. ಆ ಲಿಖಿತಗಳಿಗೆ ಆರ್.ಎನ್.ಎ. ಎಂದು ಹೆಸರು. 2023 ಮತ್ತು 2024 ಈ ಎರಡು ವರ್ಷಗಳ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕಗಳೂ ಆರ್.ಎನ್.ಎ. ವಿಚಾರದಲ್ಲಿ ಕೆಲಸ ಮಾಡಿದವರಿಗೇ ಸಂದುವು. ಈ ಶೋಧನೆಗಳ ಸಾರವನ್ನು ವಾಚಕರ ಮುಂದಿಡುವುದು ಈ ತಿಂಗಳಿನ ನಮ್ಮ ಉದ್ದೇಶ. ಆದರೆ ಹೊಸ ಸುದ್ದಿಯನ್ನು ಕೇಳಿ ಆಶ್ಚರ್ಯಪಡುವುದಕ್ಕಿಂತ ಹೆಚ್ಚಾಗಿ, ಅದು ಕೈಗೆ ಬರುವವರೆಗೆ ನಮ್ಮಲ್ಲಿ ಈಗಾಗಲೇ ಇರುವ ಉಪಾಯವನ್ನು ನಾವು ಬಳಸುತ್ತಿರುವೆವೇ ಎಂದು ಕೇಳಿಕೊಳ್ಳುವುದೇ ಮುಖ್ಯವೆಂದು ನಮ್ಮ ಅಭಿಪ್ರಾಯ.

ಬಾಯಿಯ ಅರ್ಬುದವು ನಮ್ಮ ದೇಶಕ್ಕೆ ಹೊಸದಲ್ಲ. ಅದರ ವಿಸ್ತಾರವನ್ನು ತಿಳಿದವರು ಮಾತ್ರ ಕಡಮೆ. ಜಗತ್ತಿನ ಅರ್ಬುದರೋಗಗಳ ಲೆಕ್ಕವನ್ನಿಡುವ ಅಂತರರಾಷ್ಟ್ರೀಯ ಸಂಸ್ಥೆಯ ಅಂದಾಜಿನ ಪ್ರಕಾರ, 2022ನೆಯ ಇಸವಿಯೊಂದರಲ್ಲಿಯೇ ಪ್ರಪಂಚದಲ್ಲೆಲ್ಲ ತುಟಿ ಮತ್ತು ಬಾಯಿಗಳ ಅರ್ಬುದಕ್ಕೆ ಹೊಸದಾಗಿ ಗುರಿಯಾದವರು ಸುಮಾರು 3,90,000 ಮಂದಿ. ಅವರಲ್ಲಿ 1,40,000ಕ್ಕೂ ಮೇಲ್ಪಟ್ಟವರು ಭಾರತದವರು. ಅದೇ ವರ್ಷ ನಮ್ಮ ದೇಶದಲ್ಲಿ ಈ ರೋಗದಿಂದ ಮಡಿದವರು ಸುಮಾರು 80,000. ನಮ್ಮ ಗಂಡಸರಿಗೆ ಬರುವ ಅರ್ಬುದಗಳಲ್ಲೆಲ್ಲ ಇದಕ್ಕೇ ಅಗ್ರಸ್ಥಾನ. ಹೀಗಿರುವಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹೊಟ್ಟೆಯೊಳಗೋ ಎದೆಯೊಳಗೋ ಹುಟ್ಟಿದ ಗಂಟನ್ನು ಕಾಣಲು ಯಂತ್ರಗಳು ಬೇಕು. ಬಾಯೊಳಗೆ ಹುಟ್ಟಿದುದನ್ನು ಕಾಣಲು ಒಂದು ದೀಪ, ಒಂದು ಕನ್ನಡಿ ಇದ್ದರೆ ಸಾಕು. ಆದರೂ ನಮ್ಮ ರೋಗಿಗಳಲ್ಲಿ ಹೆಚ್ಚಿನವರು ಆಸ್ಪತ್ರೆಯ ಮೆಟ್ಟಿಲನ್ನು ಹತ್ತುವುದು ರೋಗವು ಬಲಿತು, ಕೊರಳಿನ ಗ್ರಂಥಿಗಳಿಗೂ ಹಬ್ಬಿದ ಮೇಲೆಯೇ. ಕಣ್ಣೆದುರಿಗೇ ಇರುವ ವ್ಯಾಧಿಯನ್ನು ನಾವು ಕಾಣದೆ ಹೋಗುವುದು ಹೇಗೆ?

ಇದಕ್ಕೆ ಉತ್ತರ ಹೇಳುವ ಮೊದಲು ರೋಗದ ಕಾರಣವನ್ನು ವಿಚಾರಿಸೋಣ. ತಾಂಬೂಲ ಜಗಿಯುವವರಿಗೆ ಬಾಯಿಯ ಅರ್ಬುದವು ಬರುವ ವಿಷಯವನ್ನು ಕುರಿತು, ತಿರುವಾಂಕೂರಿನ ರೋಗಿಗಳನ್ನು ಕಂಡಿದ್ದ ಆರ್ ಎಂಬ ವೈದ್ಯರು 1933ರಲ್ಲಿಯೇ ಇಂಗ್ಲೆಂಡಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಹೊಗೆಸೊಪ್ಪನ್ನು ಕೂಡಿಸಿದ ತಾಂಬೂಲವು ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 1985ರಲ್ಲಿ ನಿರ್ಣಯಿಸಿತು. ಹೊಗೆಸೊಪ್ಪಿಲ್ಲದ ತಾಂಬೂಲವೂ, ಬರಿಯ ಅಡಿಕೆಯೂ ಅರ್ಬುದಕಾರಕಗಳೇ ಎಂಬ ಅದರ ನಿರ್ಣಯವು 2004ರಲ್ಲಿ ಪ್ರಕಟವಾಯಿತು. ಕಡ್ಡಿಪುಡಿ, ಜರ್ದಾ, ಖೈನಿ, ಗುಟ್ಕಾ, ಹಲ್ಲಿಗೆ ತಿಕ್ಕುವ ಮಿಶ್ರಿ ಎಂದು ಹೆಸರುಗಳು ಹಲವಾದರೂ ಒಳಗಿರುವ ಹೊಗೆಸೊಪ್ಪು ಒಂದೇ. ಬೀಡಿ ಸಿಗರೇಟುಗಳ ಹೊಗೆಯೂ, ಮದ್ಯವೂ ಇದೇ ಸಾಲಿಗೆ ಸೇರುವುವು. ಹೊಗೆಸೊಪ್ಪು ಮದ್ಯಗಳೆರಡೂ ಕೂಡಿದಲ್ಲಿ ಅಪಾಯವು ಮತ್ತಷ್ಟು ಹೆಚ್ಚುವುದು. 2016-17ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕರಲ್ಲಿ 100ಕ್ಕೆ 28.6 ಮಂದಿ ಯಾವುದಾದರೊಂದು ರೂಪದಲ್ಲಿ ಹೊಗೆಸೊಪ್ಪನ್ನು ಬಳಸುತ್ತಿದ್ದರು. ಹೊಗೆಯಿಲ್ಲದ ರೂಪದಲ್ಲಿ ಬಳಸುತ್ತಿದ್ದವರು 100ಕ್ಕೆ 21.4 ಮಂದಿ.

ಅಡಿಕೆಯ ವಿಚಾರವನ್ನು ಕನ್ನಡಿಗರಿಗೆ ಹೇಳುವುದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. ದೇಶದಲ್ಲಿ ಅತ್ಯಧಿಕವಾಗಿ ಅಡಿಕೆಯನ್ನು ಬೆಳೆಯುವ ಸೀಮೆ ನಮ್ಮದು. ಮಲೆನಾಡಿನ ಮತ್ತು ಕರಾವಳಿಯ ಎಷ್ಟೋ ಸಂಸಾರಗಳ ಅನ್ನ, ಮಕ್ಕಳ ವಿದ್ಯೆ, ಹೆಣ್ಣುಮಕ್ಕಳ ಮದುವೆ ಎಲ್ಲವೂ ಆ ತೋಟಗಳಿಂದಲೇ ನಡೆದಿವೆ. ತಾಂಬೂಲವಿಲ್ಲದೆ ಶುಭಕಾರ್ಯವಿಲ್ಲ, ಬಂದ ಮುತ್ತೈದೆಗೆ ಎಲೆ ಅಡಿಕೆ ಕೊಡದೆ ಕಳುಹಿಸುವ ಮನೆಯಿಲ್ಲ. ಆ ಗೌರವವನ್ನು ಯಾರೂ ಬಿಡಬೇಕಾಗಿಲ್ಲ. ತಟ್ಟೆಯಲ್ಲಿಟ್ಟು ಕೊಡುವ ಅಡಿಕೆಯಿಂದ ಯಾರಿಗೂ ಕೇಡಿಲ್ಲ. ದಿನವೆಲ್ಲ ದವಡೆಯಲ್ಲಿ ಅಡಗಿಸಿಟ್ಟು ಅಗಿಯುವ ಅಡಿಕೆಯಿಂದಲೇ ಕೇಡು. ಅಡಿಕೆಯಲ್ಲಿರುವ ಅರಿಕೋಲಿನ್ ಮುಂತಾದ ದ್ರವ್ಯಗಳು ಕೆನ್ನೆಯ ಒಳಗಿನ ಮೃದುವಾದ ಪದರದ ಕೆಳಗೆ ನಾರಿನಂಥ ಅಂಶವನ್ನು ಬೆಳೆಸುತ್ತವೆ. ಕಾಲಕ್ರಮದಲ್ಲಿ ಕೆನ್ನೆಯು ಬಿಗಿದು, ಖಾರವನ್ನು ತಾಳಲಾರದೆ, ಬಾಯಿ ತೆರೆಯುವುದೇ ಕಷ್ಟವಾಗುವುದು. ಈ ಬಿಗಿತವೇ ಅರ್ಬುದವಲ್ಲ. ಆದರೆ ಅರ್ಬುದಕ್ಕೆ ಹಸನಾದ ನೆಲ. ಇನ್ನು ಸಣ್ಣ ಪೊಟ್ಟಣಗಳಲ್ಲಿ ಬರುವ ಸುವಾಸನೆಯ ಅಡಿಕೆಪುಡಿಯು ಹುಡುಗರ ಜೇಬನ್ನೂ ಸೇರಿದೆ. ಕರ್ಣಾಟಕ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಅಡಿಕೆಪುಡಿಯನ್ನು ಒಂದು ಪೊಟ್ಟಣದಲ್ಲಿಯೂ ಹೊಗೆಸೊಪ್ಪನ್ನು ಮತ್ತೊಂದರಲ್ಲಿಯೂ ಮಾರಿ, ಕೊಳ್ಳುವವನ ಅಂಗೈಯಲ್ಲಿ ಅವೆರಡೂ ಒಂದಾಗುವಂತೆ ಮಾಡುವ ಉಪಾಯವು ವ್ಯಾಪಾರಿಗಳಿಗೆ ತಿಳಿಯದೆ ಹೋಗಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಣ್ಣೆದುರಿಗಿರುವ ರೋಗವು ಕಾಣದೆ ಹೋಗುವುದಕ್ಕೆ ಮುಖ್ಯ ಕಾರಣ, ಅದು ಆರಂಭದಲ್ಲಿ ನೋಯುವುದಿಲ್ಲ. ಹಲ್ಲುನೋವು ಒಂದು ರಾತ್ರಿ ನಿದ್ರೆ ಕೆಡಿಸಿದರೆ ಮರುದಿನವೇ ವೈದ್ಯರನ್ನು ಹುಡುಕಿಕೊಂಡು ಹೋಗುತ್ತೇವೆ. ಕೆನ್ನೆಯ ಒಳಗೆ ಕಾಣಿಸಿದ ಒಂದು ಬಿಳಿಯ ಮಚ್ಚೆ, ಒಂದು ಕೆಂಪು ಕಲೆ, ಮಾಗದ ಒಂದು ಹುಣ್ಣು ನಮ್ಮನ್ನು ಹಾಗೆ ಎಬ್ಬಿಸುವುದಿಲ್ಲ. ಬಾಯಿಹುಣ್ಣೆಂದರೆ ಉಷ್ಣವೆಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿಯಾಗಿದೆ. ಒಂದು ವಾರ ಮಜ್ಜಿಗೆ, ಒಂದು ವಾರ ತುಪ್ಪ, ಮತ್ತೊಂದು ವಾರ ಅಂಗಡಿಯಿಂದ ತಂದ ಗುಳಿಗೆ, ಹೀಗೆ ತಿಂಗಳುಗಳು ಸಾಗುವುವು. ಉಷ್ಣದ ಹುಣ್ಣೆಂದು ನಾವು ಕರೆಯುವುದು ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾನಾಗಿಯೇ ಮಾಗುವುದು. ಆ ಅವಧಿಯನ್ನು ಮೀರಿ ಉಳಿದ ಹುಣ್ಣನ್ನು ಉಷ್ಣವೆಂದು ಕರೆಯುವ ಅಧಿಕಾರವು ಮನೆಯಲ್ಲಿ ಯಾರಿಗೂ ಇಲ್ಲ. ಅದನ್ನು ವೈದ್ಯರೇ ನೋಡಿ ಹೇಳಬೇಕು.

ಬರಿಯ ಕಣ್ಣಿನಿಂದ ನೋಡುವುದರಲ್ಲಿ ಎಷ್ಟು ಪ್ರಯೋಜನವಿದೆ ಎಂದು ಸಂದೇಹಪಡುವವರಿಗೆ ನಮ್ಮ ನೆರೆಯ ಕೇರಳದಲ್ಲಿ ನಡೆದ ಪರೀಕ್ಷೆಯೊಂದನ್ನು ಹೇಳುತ್ತೇವೆ. ತಿರುವನಂತಪುರ ಜಿಲ್ಲೆಯಲ್ಲಿ 13 ಪಂಚಾಯಿತಿ ಕ್ಷೇತ್ರಗಳನ್ನು ಆರಿಸಿಕೊಂಡು, ಚೀಟಿ ಹಾಕಿದಂತೆ ಅವನ್ನು ಎರಡು ಪಂಗಡ ಮಾಡಿದರು. 7 ಕ್ಷೇತ್ರಗಳಲ್ಲಿ, ವೈದ್ಯರಲ್ಲದ, ಆದರೆ ತರಬೇತು ಹೊಂದಿದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ 35 ವರ್ಷ ದಾಟಿದವರ ಬಾಯನ್ನು ಬೆಳಕಿನಲ್ಲಿ ನೋಡಿ, ಸಂಶಯ ಬಂದವರನ್ನು ವೈದ್ಯರ ಬಳಿಗೆ ಕಳುಹಿಸಿದರು. ಉಳಿದ 6 ಕ್ಷೇತ್ರಗಳಲ್ಲಿ ಜನರು ಎಂದಿನಂತೆ ಇದ್ದರು. ಎರಡೂ ಕಡೆ ಸೇರಿ ಸುಮಾರು 1,90,000 ಜನರು ಈ ಲೆಕ್ಕದಲ್ಲಿದ್ದರು. 1996ರಲ್ಲಿ ಮೊದಲಾದ ಈ ಕಾರ್ಯದ ಫಲವು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಗೆಸೊಪ್ಪನ್ನೋ ಮದ್ಯವನ್ನೋ ಬಳಸುವವರಲ್ಲಿ ಬಾಯಿಯ ಅರ್ಬುದದಿಂದಾಗುವ ಮರಣವು, ಬಾಯಿ ನೋಡಿದ ಕ್ಷೇತ್ರಗಳಲ್ಲಿ 100ಕ್ಕೆ 34ರಷ್ಟು ಕಡಮೆಯಾಗಿತ್ತು. ಬೆಲೆಬಾಳುವ ಯಂತ್ರವಿಲ್ಲ, ರಕ್ತಪರೀಕ್ಷೆಯಿಲ್ಲ. ಬೆಳಕು, ಕಣ್ಣು, ಎಚ್ಚರಿಕೆ ಇಷ್ಟೇ ಅಲ್ಲಿ ಬಳಸಿದ ಸಾಧನಗಳು.

ಇದಕ್ಕೂ ಮುಂಚೆಯೇ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ದಂತವಿಭಾಗದಲ್ಲಿದ್ದ ಫಾಲಿ ಮೆಹತಾ ಮತ್ತು ಅವರ ಸಂಗಡಿಗರು ಹಳ್ಳಿಗಳಲ್ಲಿ ಸುತ್ತಿ, ಸುಮಾರು 36,000 ಮಂದಿ ಹೊಗೆಸೊಪ್ಪು ಬಳಸುವವರಿಗೆ ಅದರ ಕೆಡುಕನ್ನು ತಿಳಿಯಹೇಳಿ, ವರ್ಷವರ್ಷವೂ ಅವರ ಬಾಯನ್ನು ಪರೀಕ್ಷಿಸಿದ್ದರು. ಉಪದೇಶ ಕೇಳಿದವರಲ್ಲಿ ಚಟವನ್ನು ಬಿಟ್ಟವರೂ ತಗ್ಗಿಸಿದವರೂ ಹೆಚ್ಚಿದರೆಂದೂ, ಅರ್ಬುದಕ್ಕೆ ಮುಂಗುರುತಾದ ಬಿಳಿಯ ಮಚ್ಚೆಗಳು ಹೊಸದಾಗಿ ಹುಟ್ಟುವುದು ಕಡಮೆಯಾಯಿತೆಂದೂ 1986ರಲ್ಲಿ ಪ್ರಕಟವಾದ ಅವರ ವರದಿಯು ತಿಳಿಸಿತು. ಚಟವನ್ನು ಎಷ್ಟು ತಡವಾಗಿ ಬಿಟ್ಟರೂ ಲಾಭವುಂಟೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಇನ್ನು ಆರ್.ಎನ್.ಎ. ಎಂದರೇನೆಂಬುದನ್ನು ನೋಡೋಣ. ಹಿಂದಿನ ಕಾಲದಲ್ಲಿ ಗ್ರಾಮದ ಶ್ಯಾನುಭೋಗರು ಮೂಲ ಕಡತವನ್ನು ಪೆಟ್ಟಿಗೆಯಿಂದ ಹೊರಕ್ಕೆ ಕೊಡುತ್ತಿರಲಿಲ್ಲ. ಯಾರಿಗೆ ಯಾವ ಭಾಗ ಬೇಕೋ ಅಷ್ಟನ್ನು ಮಾತ್ರ ಚೀಟಿಯಲ್ಲಿ ನಕಲು ಮಾಡಿ ಕೊಡುತ್ತಿದ್ದರು. ನಮ್ಮ ಶರೀರದ ಪ್ರತಿಯೊಂದು ಜೀವಕೋಶದ ನಡುವೆಯೂ ಅಂಥದೊಂದು ಪೆಟ್ಟಿಗೆಯುಂಟು. ಅದರೊಳಗಿನ ಮೂಲ ಕಡತವೇ ಡಿ.ಎನ್.ಎ.; ಅದರಿಂದ ಹೊರಡುವ ನಕಲು ಚೀಟಿಯೇ ದೂತ ಆರ್.ಎನ್.ಎ. ಚೀಟಿಯಲ್ಲಿ ಬರೆದಿರುವಂತೆ ಜೀವಕೋಶವು ತನಗೆ ಬೇಕಾದ ಪ್ರೋಟೀನನ್ನು ತಯಾರಿಸಿಕೊಳ್ಳುವುದು. ಕೆನ್ನೆಯ ಕೋಶದಲ್ಲಿಯೂ ಮೂಳೆಯ ಕೋಶದಲ್ಲಿಯೂ ಕಡತವು ಒಂದೇ. ಹೊರಡುವ ಚೀಟಿಗಳು ಬೇರೆ ಬೇರೆ. ಆದಕಾರಣ ಯಾವ ಚೀಟಿಗಳು ಎಷ್ಟೆಷ್ಟು ಹೊರಟಿವೆಯೆಂದು ತಿಳಿದರೆ ಆ ಕೋಶದೊಳಗೆ ಏನು ನಡೆಯುತ್ತಿದೆಯೆಂಬುದನ್ನು ಊಹಿಸಬಹುದು. ಅರ್ಬುದವೆಂದರೆ, ಬೆಳೆಯಬೇಕಾದಾಗ ಬೆಳೆದು ನಿಲ್ಲಬೇಕಾದಾಗ ನಿಲ್ಲುವ ನಿಯಮವನ್ನು ಕೋಶಗಳು ಮೀರುವುದು. ಆ ಅವ್ಯವಸ್ಥೆಯು ಚೀಟಿಗಳ ಲೆಕ್ಕದಲ್ಲಿಯೂ ಕಾಣದಿರದು.

ಹೊರಟ ಚೀಟಿಗಳೆಲ್ಲವೂ ಜಾರಿಗೆ ಬರಬೇಕೆಂಬ ನಿಯಮವಿಲ್ಲ. ಸುಮಾರು 22 ಅಕ್ಷರಗಳಷ್ಟೇ ಉದ್ದವಿರುವ ಒಂದು ಬಗೆಯ ಕಿರಿಯ ಆರ್.ಎನ್.ಎ. ಉಂಟು. ಅದು ದೂತ ಆರ್.ಎನ್.ಎ.ಗೆ ಅಂಟಿಕೊಂಡು, ಬರೆದ ಆಜ್ಞೆಯ ಮೇಲೆ ಅಡ್ಡಗೆರೆ ಎಳೆದಂತೆ, ಅದನ್ನು ತಡೆಯುವುದು. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕನ್ ಎಂಬ ವಿಜ್ಞಾನಿಗಳು ಒಂದು ಮಿಲಿಮೀಟರಿನಷ್ಟು ಮಾತ್ರ ಉದ್ದವಿರುವ ಒಂದು ಹುಳುವಿನಲ್ಲಿ ಇದನ್ನು ಕಂಡು 1993ರಲ್ಲಿ ಪ್ರಕಟಿಸಿದಾಗ, ಹುಳುವಿನ ವಿಚಾರವೆಂದು ಹೆಚ್ಚಿನವರು ಅದನ್ನು ಲಕ್ಷಿಸಲಿಲ್ಲ. 2000ದಲ್ಲಿ ಅಂಥದೇ ಮತ್ತೊಂದು ಕಿರಿಯ ಆರ್.ಎನ್.ಎ.ಯು ಮನುಷ್ಯನೂ ಸೇರಿ ಅನೇಕ ಪ್ರಾಣಿಗಳಲ್ಲಿ ಇರುವುದೆಂದು ತಿಳಿದ ಮೇಲೆ ಎಲ್ಲರ ಕಣ್ಣೂ ಇತ್ತ ತಿರುಗಿತು. 2002ರಲ್ಲಿ ಒಂದು ಬಗೆಯ ರಕ್ತದ ಅರ್ಬುದದಲ್ಲಿ ಇಂಥ ಕಿರಿಯ ಆರ್.ಎನ್.ಎ.ಗಳು ನಷ್ಟವಾಗಿರುವುದು ಗೊತ್ತಾಯಿತು. ತಡೆಯುವವನು ಇಲ್ಲದ ಮೇಲೆ ತಪ್ಪು ಆಜ್ಞೆಗಳು ನಡೆಯುವುದರಲ್ಲಿ ಆಶ್ಚರ್ಯವೇನು? ಹುಳುವಿನಿಂದ ಮೊದಲಾದ ಈ ಶೋಧಕ್ಕಾಗಿಯೇ ಆ ಇಬ್ಬರಿಗೂ 2024ರ ನೊಬೆಲ್ ಪಾರಿತೋಷಕವು ದೊರೆತುದು.

ಇಲ್ಲಿಂದ ಎಂಜಲಿಗೆ ಬರುವ ದಾರಿ ದೂರವಲ್ಲ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಒಸರುವ ಲಾಲಾರಸವು ಕೆನ್ನೆ, ನಾಲಗೆ, ವಸಡು ಇವನ್ನೆಲ್ಲ ತೊಳೆಯುತ್ತ ಹೋಗುವುದು. ಆ ಭಾಗಗಳ ಕೋಶಗಳಿಂದ ಉದುರಿದ ಚೀಟಿಗಳ ಚೂರುಗಳೂ ಅದರಲ್ಲಿ ಸೇರಿಕೊಳ್ಳುವುವು. ಲಾಲಾರಸದಲ್ಲಿ ಆರ್.ಎನ್.ಎ.ಯನ್ನು ಕತ್ತರಿಸಿ ಹಾಕುವ ದ್ರವ್ಯಗಳಿರುವುದರಿಂದ ಅಲ್ಲಿ ಏನೂ ಉಳಿದಿರಲಾರದೆಂದು ತೋರಬಹುದು. ಆದರೆ ಕೆಲವು ಚೂರುಗಳು ಪ್ರೋಟೀನುಗಳಿಗೆ ಅಂಟಿಕೊಂಡೂ, ಅತಿಸೂಕ್ಷ್ಮವಾದ ಕೊಬ್ಬಿನ ಪೊರೆಗಳೊಳಗೆ ಅಡಗಿಯೂ ಸುರಕ್ಷಿತವಾಗಿರುತ್ತವೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ವಿಶ್ವವಿದ್ಯಾನಿಲಯದಲ್ಲಿ ಡೇವಿಡ್ ವಾಂಗ್ ಎಂಬ ದಂತವೈದ್ಯವಿಜ್ಞಾನಿಯೂ ಅವರ ಸಂಗಡಿಗರೂ 2004ರಲ್ಲಿ, ಬಾಯಿಯ ಅರ್ಬುದವು ಇನ್ನೂ ಬಲಿಯದಿದ್ದ 32 ರೋಗಿಗಳ ಲಾಲಾರಸವನ್ನು ಅಷ್ಟೇ ಮಂದಿ ಆರೋಗ್ಯವಂತರ ಲಾಲಾರಸದೊಡನೆ ಹೋಲಿಸಿ ನೋಡಿದರು. ಏಳು ಬಗೆಯ ದೂತ ಆರ್.ಎನ್.ಎ.ಗಳು ರೋಗಿಗಳಲ್ಲಿ ಹೆಚ್ಚಾಗಿದ್ದುವು. ಅವುಗಳಲ್ಲಿ ಆಯ್ದ ಕೆಲವನ್ನು ಕೂಡಿಸಿ ಲೆಕ್ಕ ಹಾಕಿದಾಗ ರೋಗಿಗಳಲ್ಲಿ 100ಕ್ಕೆ 91 ಮಂದಿಯನ್ನು ರೋಗಿಗಳೆಂದೂ, ಆರೋಗ್ಯವಂತರಲ್ಲಿ 100ಕ್ಕೆ 91 ಮಂದಿಯನ್ನು ಆರೋಗ್ಯವಂತರೆಂದೂ ಸರಿಯಾಗಿ ಗುರುತಿಸಲು ಸಾಧ್ಯವಾಯಿತು. 2009ರಲ್ಲಿ ಅದೇ ಸಂಶೋಧಕರು, ಎರಡು ಬಗೆಯ ಕಿರಿಯ ಆರ್.ಎನ್.ಎ.ಗಳು ರೋಗಿಗಳ ಲಾಲಾರಸದಲ್ಲಿ ಕಡಮೆಯಾಗಿರುವುದನ್ನೂ ತೋರಿಸಿಕೊಟ್ಟರು.

ಹಾಗಾದರೆ ಎಲ್ಲರೂ ಒಂದು ಸೀಸೆಯಲ್ಲಿ ಉಗುಳಿ ಕಳುಹಿಸಿದರೆ ಆಯಿತಲ್ಲ ಎಂದು ವಾಚಕರು ಕೇಳಬಹುದು. ಅವಸರಪಡುವ ಮುಂಚೆ ಒಂದು ಸಣ್ಣ ಗಣಿತವನ್ನು ಮಾಡಿ ನೋಡಬೇಕು. ಒಂದು ಊರಿನಲ್ಲಿ 1,000 ಜನರನ್ನು ಈ ಪರೀಕ್ಷೆಗೆ ಗುರಿಮಾಡಿದೆವೆಂದೂ, ಅವರಲ್ಲಿ ನಿಜವಾಗಿ ರೋಗವಿರುವವರು 5 ಮಂದಿಯೆಂದೂ ಇಟ್ಟುಕೊಳ್ಳೋಣ. 100ಕ್ಕೆ 91ರ ಪ್ರಕಾರ ಆ ಐವರಲ್ಲಿ ನಾಲ್ವರೋ ಐವರೋ ಸಿಕ್ಕುವರು, ಒಳ್ಳೆಯದೇ. ಆದರೆ ರೋಗವಿಲ್ಲದ 995 ಮಂದಿಯಲ್ಲಿ 100ಕ್ಕೆ 9ರಂತೆ ಸುಮಾರು 90 ಮಂದಿಗೆ ರೋಗವಿದೆಯೆಂಬ ಸುಳ್ಳು ಸುದ್ದಿಯೂ ತಲಪುವುದು. ಆ 90 ಸಂಸಾರಗಳ ಕಳವಳಕ್ಕೆ ಬೆಲೆ ಕಟ್ಟುವವರಾರು? ಆದ್ದರಿಂದಲೇ ಇಂಥ ಪರೀಕ್ಷೆಗಳನ್ನು ಬೇರೆ ಬೇರೆ ದೇಶಗಳ, ಬೇರೆ ಬೇರೆ ಚಟಗಳ ಜನರಲ್ಲಿ ಸಾವಿರಗಟ್ಟಲೆಯಾಗಿ ಒರೆಹಚ್ಚಿ ನೋಡದೆ ಸಾರ್ವಜನಿಕ ಬಳಕೆಗೆ ತರುವುದು ಉಚಿತವಲ್ಲ. ಸಂಶಯ ಬಂದ ಜಾಗದಿಂದ ಚಿಕ್ಕ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿ ಪರೀಕ್ಷೆಯೇ ಇಂದಿಗೂ ಕೊನೆಯ ತೀರ್ಪು. ಎಂಜಲು ಒಳ್ಳೆಯ ಸಾಕ್ಷಿ, ಆದರೆ ನ್ಯಾಯಾಧಿಪತಿಯಲ್ಲ. ತುಣುಕು ತೆಗೆದರೆ ರೋಗವು ಕೆರಳಿ ಹಬ್ಬುವುದೆಂಬ ಭಯವು ನಮ್ಮ ಜನರಲ್ಲಿ ಬಹಳವಾಗಿರುವುದು. ಆ ಭಯದಿಂದ ಪರೀಕ್ಷೆಯನ್ನು ತಪ್ಪಿಸಿಕೊಂಡು ಕಳೆಯುವ ದಿನಗಳಲ್ಲಿಯೇ ರೋಗವು ನಿಜವಾಗಿ ಹಬ್ಬುವುದೆಂಬುದನ್ನು ಹಿರಿಯರಿಗೆ ತಾಳ್ಮೆಯಿಂದ ತಿಳಿಹೇಳಬೇಕು.

ಚಿಕಿತ್ಸೆಯಲ್ಲಿಯೂ ಆರ್.ಎನ್.ಎ.ಯನ್ನು ಬಳಸುವ ಪ್ರಯತ್ನಗಳು ನಡೆದಿವೆ. ಹೊರಗಿನಿಂದ ತಂದ ಚೀಟಿಯನ್ನು ಶರೀರವು ಶತ್ರುವಿನದೆಂದು ತಿಳಿದು ಉರಿಯೂತವನ್ನೆಬ್ಬಿಸುತ್ತಿತ್ತು. ಅದರ ಒಂದು ಅಕ್ಷರವನ್ನು ತುಸು ಮಾರ್ಪಡಿಸಿದರೆ ಆ ತೊಂದರೆ ತಪ್ಪುವುದೆಂದು ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು. ಕೋವಿಡ್ ವ್ಯಾಧಿಯ ಕಾಲದಲ್ಲಿ ಆರ್.ಎನ್.ಎ. ಲಸಿಕೆಗಳು ಸಿದ್ಧವಾದುದು ಈ ಅಡಿಪಾಯದ ಮೇಲೆಯೇ. 2023ರ ಪಾರಿತೋಷಕವು ಸಂದುದೂ ಅದಕ್ಕೆ. ಈಗ ಒಬ್ಬೊಬ್ಬ ರೋಗಿಯ ಅರ್ಬುದದ ಗುರುತುಗಳನ್ನು ಪ್ರತ್ಯೇಕವಾಗಿ ಓದಿ, ಅವನಿಗೆಂದೇ ಚೀಟಿ ಬರೆದು, ಅವನ ಶರೀರದ ಕಾವಲುಗಾರರಿಗೆ ಕಳ್ಳನ ಚಹರೆಯನ್ನು ತಿಳಿಸುವ ಲಸಿಕೆಗಳನ್ನು ಪರೀಕ್ಷಿಸುತ್ತಿದ್ದಾರೆ. ಮೆಲನೋಮ ಎಂಬ ಚರ್ಮದ ಅರ್ಬುದವನ್ನು ಶಸ್ತ್ರದಿಂದ ತೆಗೆಸಿಕೊಂಡಿದ್ದ 157 ಮಂದಿಯಲ್ಲಿ ನಡೆದ ಪರೀಕ್ಷೆಯ ಫಲವು 2024ರಲ್ಲಿ ಪ್ರಕಟವಾಯಿತು. ಎಂದಿನ ಔಷಧಿಯೊಡನೆ ಇಂಥ ಲಸಿಕೆಯನ್ನೂ ಪಡೆದವರಲ್ಲಿ, ಔಷಧಿಯನ್ನು ಮಾತ್ರ ಪಡೆದವರಿಗಿಂತ, ರೋಗವು ಮರುಕಳಿಸುವ ಅಥವಾ ಮರಣವುಂಟಾಗುವ ಸಂಭವವು 100ಕ್ಕೆ 44ರಷ್ಟು ಕಡಮೆಯಾಗಿತ್ತು. ಇದು ಬಾಯಿಯ ಅರ್ಬುದದ ಮಾತಲ್ಲವೆಂಬುದನ್ನು ಮರೆಯಲಾಗದು. ದಾರಿ ತೆರೆದಿದೆಯೆಂದು ಮಾತ್ರ ಹೇಳಬಹುದು.

ಬಾಯಿಯ ಅರ್ಬುದಕ್ಕೆ ನೇರವಾಗಿ ಸಂಬಂಧಿಸಿದ ಎರಡು ಕೆಲಸಗಳು 1941ರಲ್ಲಿ ಸ್ಥಾಪಿತವಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿಯೇ ನಡೆದಿರುವುದು ನಮಗೆ ಅಭಿಮಾನದ ವಿಷಯ. ರೋಗವು ಚಿಕ್ಕದಾಗಿದ್ದು, ಕೊರಳಿನ ಗ್ರಂಥಿಗಳು ಊದಿಕೊಂಡಂತೆ ಕಾಣದಿದ್ದರೂ, ಬಾಯಿಯ ಶಸ್ತ್ರಚಿಕಿತ್ಸೆಯ ಜೊತೆಗೇ ಆ ಗ್ರಂಥಿಗಳನ್ನೂ ತೆಗೆಯುವುದು ಮೇಲೋ, ಕಾದು ನೋಡುವುದು ಮೇಲೋ ಎಂಬ ವಿವಾದವು ಬಹುಕಾಲದಿಂದ ಇತ್ತು. 500 ರೋಗಿಗಳ ಲೆಕ್ಕವನ್ನು ನೋಡಿ ಅಲ್ಲಿಯ ವೈದ್ಯರು 2015ರಲ್ಲಿ ಉತ್ತರ ಕೊಟ್ಟರು: ಜೊತೆಗೇ ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ತರುವಾಯ ಬದುಕಿದ್ದವರು 100ಕ್ಕೆ 80, ಕಾದು ನೋಡಿದವರಲ್ಲಿ 100ಕ್ಕೆ 67.5. ಎರಡನೆಯದು ಬಡವರ ಪಾಲಿನ ಕೆಲಸ. ಶರೀರದ ರಕ್ಷಕ ಶಕ್ತಿಯನ್ನು ಎಚ್ಚರಿಸುವ ನಿವೋಲುಮಾಬ್ ಎಂಬ ಔಷಧಿಯು ಬಹಳ ದುಬಾರಿಯಾದುದು. ವಾಡಿಕೆಯ ಪ್ರಮಾಣದ ಹತ್ತರಲ್ಲೊಂದು ಪಾಲಿಗಿಂತಲೂ ಕಡಮೆಯಾದ 20 ಮಿಲಿಗ್ರಾಮನ್ನು ಮೂರು ವಾರಗಳಿಗೊಮ್ಮೆ, ಅಗ್ಗದ ಗುಳಿಗೆಗಳ ಜೊತೆಗೆ ಕೊಟ್ಟು ನೋಡಿದರು. ತಲೆ ಮತ್ತು ಕೊರಳಿನ ಅರ್ಬುದವು ಬಲಿತು, ಪೂರ್ಣವಾಗಿ ಗುಣವಾಗುವ ಆಸೆ ಇಲ್ಲದಿದ್ದ 151 ಮಂದಿಯಲ್ಲಿ ನಡೆದ ಈ ಪರೀಕ್ಷೆಯಲ್ಲಿ, ಒಂದು ವರ್ಷದ ಮೇಲೂ ಬದುಕಿದ್ದವರು ಗುಳಿಗೆಗಳನ್ನು ಮಾತ್ರ ಪಡೆದವರಲ್ಲಿ 100ಕ್ಕೆ 16.3, ಔಷಧಿಯನ್ನೂ ಪಡೆದವರಲ್ಲಿ 100ಕ್ಕೆ 43.4. ಆದರೆ ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಮೊದಲೇ ಬಂದವರಲ್ಲಿ ಮೂರು ವರ್ಷಗಳ ಮೇಲೆ 100ಕ್ಕೆ 80 ಮಂದಿ. ತಡವಾಗಿ ಬಂದವರಲ್ಲಿ, ಹೊಸ ಔಷಧಿಯಿದ್ದರೂ, ಒಂದೇ ವರ್ಷಕ್ಕೆ ಅರ್ಧಕ್ಕಿಂತಲೂ ಕಡಮೆ. ಇವು ಬೇರೆ ಬೇರೆ ಪರೀಕ್ಷೆಗಳಾದುದರಿಂದ ಅಂಕಿಗೆ ಅಂಕಿಯನ್ನು ತೂಗಲಾಗದು. ಆದರೂ ಯಾವ ಔಷಧಿಯೂ ಕಳೆದುಹೋದ ಕಾಲವನ್ನು ತಂದುಕೊಡಲಾರದೆಂಬುದು ಇದರಿಂದ ಸ್ಪಷ್ಟವಾಗುವುದು.

ಹಲ್ಲಿನ ವೈದ್ಯರ ಪಾತ್ರವನ್ನು ಇಲ್ಲಿ ಹೇಳದಿರಲಾಗದು. ಹಲ್ಲು ಕೀಳಿಸುವುದಕ್ಕೆ ಮಾತ್ರವೇ ಅವರಿರುವರೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಬಾಯನ್ನು ಪೂರ್ತಿಯಾಗಿ, ಒಳ್ಳೆಯ ಬೆಳಕಿನಲ್ಲಿ ನೋಡುವ ಅವಕಾಶವು ಅವರಿಗಿರುವಷ್ಟು ಬೇರೆ ವೈದ್ಯರಿಗೆ ಇಲ್ಲ. ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕಿತ್ತ ಮೇಲೆ ವಾರಗಳಾದರೂ ಮಾಗದ ಗುಳಿ, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಇದ್ದಕ್ಕಿದ್ದ ಹಾಗೆ ಹೊಂದದೆ ಹೋಗುವುದು, ಇವು ರೋಗದ ಗುರುತುಗಳಾಗಿರಬಹುದು. ಅರ್ಬುದಕ್ಕೆ ವಿಕಿರಣ ಚಿಕಿತ್ಸೆ ಮಾಡಿಸಬೇಕಾದವರಂತೂ ಅದಕ್ಕೆ ಮುಂಚೆಯೇ ಹಲ್ಲಿನ ವೈದ್ಯರನ್ನು ಕಾಣಬೇಕು. ಕಿರಣಗಳಿಂದ ಲಾಲಾರಸವು ಬತ್ತಿ ಹಲ್ಲುಗಳು ಬೇಗ ಹುಳುಕಾಗುವುವು. ಆ ಮೇಲೆ ಹಲ್ಲು ಕಿತ್ತರೆ ದವಡೆಯ ಮೂಳೆಯು ಮಾಗದೆ ಕೊಳೆಯುವ ಭಯವುಂಟು. ಕೀಳಬೇಕಾದ ಹಲ್ಲನ್ನು ಮೊದಲೇ ಕಿತ್ತು, ಉಳಿಸಬಹುದಾದುದನ್ನು ಭದ್ರಪಡಿಸಿದರೆ ರೋಗಿಯ ಸಂಕಟವು ಎಷ್ಟೋ ತಪ್ಪುವುದು.

ಕೊನೆಯಲ್ಲಿ, ಮನೆಯಲ್ಲಿ ಮಾಡತಕ್ಕ ಕೆಲಸವನ್ನು ಹೇಳುತ್ತೇವೆ. ತಿಂಗಳಿಗೊಮ್ಮೆ, ಹಗಲು ಬೆಳಕಿನಲ್ಲಿ, ಬಾಯಿ ಮುಕ್ಕಳಿಸಿ ಕನ್ನಡಿಯ ಮುಂದೆ ನಿಲ್ಲಬೇಕು. ಕಟ್ಟಿಸಿಕೊಂಡ ಹಲ್ಲುಗಳಿದ್ದರೆ ತೆಗೆದಿಡಬೇಕು. ತುಟಿಗಳನ್ನು ಮಗುಚಿ, ಕೆನ್ನೆಗಳನ್ನು ಬೆರಳಿನಿಂದ ಎಳೆದು, ನಾಲಗೆಯನ್ನು ಚಾಚಿ ಅದರ ಎರಡು ಅಂಚುಗಳನ್ನೂ, ಮೇಲಕ್ಕೆತ್ತಿ ಕೆಳಭಾಗವನ್ನೂ, ಅಂಗುಳನ್ನೂ ನೋಡಬೇಕು. ತಾಂಬೂಲವನ್ನು ಇರಿಸಿಕೊಳ್ಳುವ ಜಾಗವನ್ನು ವಿಶೇಷವಾಗಿ ಗಮನಿಸಬೇಕು. ಒರೆಸಿದರೂ ಹೋಗದ ಬಿಳಿಯ ಮಚ್ಚೆ, ಮಖಮಲ್ಲಿನಂಥ ಕೆಂಪು ಕಲೆ, ಗಡಸಾದ ಗಂಟು, ಎರಡು ವಾರ ಮೀರಿದ ಹುಣ್ಣು, ಖಾರ ತಾಕಿದರೆ ಹತ್ತುವ ಉರಿ, ನುಂಗುವಾಗ ತೊಡಕು, ಕೊರಳಿನಲ್ಲಿ ಕೈಗೆ ಸಿಕ್ಕುವ ಗಡ್ಡೆ, ಇವುಗಳಲ್ಲಿ ಯಾವುದಿದ್ದರೂ ತಡಮಾಡಲಾಗದು. ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲಾಗದಿದ್ದರೆ ಬಾಯಿ ಬಿಗಿಯುತ್ತಿದೆಯೆಂದು ತಿಳಿಯತಕ್ಕದ್ದು. ಇವೆಲ್ಲ ಅರ್ಬುದವೇ ಎಂದಲ್ಲ. ಬಹುಪಾಲು ಅಲ್ಲದೆಯೂ ಇರಬಹುದು. ಆದರೆ ಹೌದೋ ಅಲ್ಲವೋ ಎಂಬುದನ್ನು ವೈದ್ಯರಿಂದಲೇ ತಿಳಿಯಬೇಕು. 30 ವರ್ಷ ದಾಟಿದವರ ಬಾಯಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸುವ ಏರ್ಪಾಡನ್ನು ಸರ್ಕಾರವು ಮಾಡಿದೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯು ಈ ರೋಗದ ಚಿಕಿತ್ಸೆಗೆಂದೇ ಇರುವುದು. ಚಟವನ್ನು ಬಿಡಲು ನೆರವು ಬೇಕಾದವರು 1800-11-2356 ಎಂಬ ಸಂಖ್ಯೆಗೆ, ಹಣ ತೆರದೆ, ದೂರವಾಣಿಯಲ್ಲಿ ಮಾತನಾಡಬಹುದು.

ಮನೆಯ ಹಿರಿಯರಿಗೆ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಿಕೊಡುವ ಸೊಸೆಯಂದಿರೂ ಮೊಮ್ಮಕ್ಕಳೂ ನಮ್ಮಲ್ಲಿ ಇನ್ನೂ ಇದ್ದಾರೆ. ಅಜ್ಜಿಯ ಕೈಯಿಂದ ಸಂಚಿಯನ್ನು ಒಂದೇ ದಿನದಲ್ಲಿ ಕಸಿದುಕೊಳ್ಳುವುದು ಆಗದ ಮಾತು. ಜಗಳವಾಡಿ ಬಿಡಿಸಿದ ಚಟವು ಹಿತ್ತಿಲಿನಲ್ಲಿ ಮುಂದುವರಿಯುವುದು. ಮೊದಲು ಹೊಗೆಸೊಪ್ಪನ್ನು ತೆಗೆಸಿ, ಆ ಮೇಲೆ ಅಡಿಕೆಯನ್ನು ತಗ್ಗಿಸಿ, ಕೊನೆಗೆ ಅದನ್ನೂ ಬಿಡಿಸುವ ಜಾಣ್ಮೆಯು ಮನೆವಾರ್ತೆಯನ್ನು ನಡೆಸುವವರಿಗೆ ಹೊಸದೇನಲ್ಲ. ಅದುವರೆಗೆ ಕುಟ್ಟಿಕೊಡುವವರೇ ತಿಂಗಳಿಗೊಮ್ಮೆ, "ಅಜ್ಜೀ, ಬಾಯಿ ತೆರೆಯಿರಿ, ನೋಡೋಣ" ಎಂದು ದೀಪ ಹಿಡಿಯಲಿ. ಎಂಜಲನ್ನು ಓದುವ ವಿದ್ಯೆಯು ಬಲಿತು ನಮ್ಮ ಊರಿಗೆ ಬರುವಾಗ ಬರಲಿ; ಅದನ್ನು ಸಂತೋಷದಿಂದ ಸ್ವಾಗತಿಸೋಣ. ದೀಪವನ್ನು ಹಿಡಿಯುವುದಕ್ಕೆ ಮಾತ್ರ ಯಾವ ಪಾರಿತೋಷಕಕ್ಕೂ ಕಾಯಬೇಕಾಗಿಲ್ಲ.